ಕೇಳಿದ್ದನ್ನು ಕೇಳಿ ನೋಡುವುದು

ವಿಜಯಪುರ ಜಿಲ್ಲೆಯ ಸಿಂದಗಿಯಿಂದ ಜೇವರ್ಗಿ ಕಡೆ ಹೋಗುವ ದಾರಿಯಲ್ಲಿ ಮೋರಟಗಿ ಸಿಗುತ್ತದೆ. ಸುತ್ತ ಎರಿ ಹೊಲ. ಮಳೆ ನಂಬಿ ತೊಗರಿ, ಹತ್ತಿ, ಜೋಳ ಬಿತ್ತುವ ಸೀಮೆ. ಅಲ್ಲಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತ ಹಿರಿಯ ರೈತನೊಬ್ಬ ಪಕ್ಕದಲ್ಲಿದ್ದವನಿಗೆ ಹೀಗನ್ನುತ್ತಾನೆ ಎಂದುಕೊಳ್ಳಿ: "ತೊಗರಿ ಈ ಸಲ ಪೂರಾ ಹೋತ್ರಿ."

ಪಕ್ಕದವನ ಬಾಯಿಗೆ ಮೊದಲು ಬರುವ ಮಾತು ಯಾವುದು? "ನಿಮ್ಮದೊಂದ ಏನ್ರಿ, ಎಲ್ಲಾರದೂ ಹಂಗಽ ಆಗೇದ" ಎಂದು ಸಮಾಧಾನ ಹೇಳಬಹುದು. "ಬೀಜಕ್ಕ ಔಷಧ ಹಚ್ಚಿ ಬಿತ್ತಬೇಕಿತ್ತು" ಎಂದು ಬುದ್ಧಿ ಹೇಳಬಹುದು. ಆ ಬುದ್ಧಿಮಾತು ಸರಿಯಾದದ್ದೇ. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಇದ್ದು, ಬೇರಿನೊಳಗೆ ಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಬೀಜೋಪಚಾರ ಅದಕ್ಕೊಂದು ತಡೆ. ಆದರೆ ಒಣಗಿ ನಿಂತ ಗಿಡಕ್ಕೆ ಈಗ ಅದರಿಂದ ಏನೂ ಆಗುವುದಿಲ್ಲ. ಇಲ್ಲವೇ "ನಮ್ಮ ಹೊಲಾ ನೋಡಬೇಕಿತ್ತ ನೀವು" ಎಂದು ತನ್ನ ಕತೆ ಸುರು ಮಾಡಬಹುದು. ಮೂರರಲ್ಲೂ ಕೆಟ್ಟ ಮನಸ್ಸಿಲ್ಲ. ಆದರೆ ಮೂರರಲ್ಲೂ ಮಾತು ರೈತನ ಕೈಬಿಟ್ಟು ಇನ್ನೊಬ್ಬನ ಕೈಗೆ ಹೋಯಿತು.

ನಾಲ್ಕನೆಯದೊಂದು ದಾರಿ ಇದೆ. ಪಕ್ಕದವನು ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಸುಮ್ಮನಿದ್ದು, "ಪೂರಾ ಹೋತು ಅಂತೀರಿ... ತಂದ ರೊಕ್ಕದ ಚಿಂತಿ ಹತ್ತೇದ ಅಂತ ಕಾಣತದ" ಎನ್ನುತ್ತಾನೆ. ರೈತ ತಲೆ ಅಲ್ಲಾಡಿಸುತ್ತಾನೆ. "ರೊಕ್ಕದ್ದಲ್ಲರೀ. ರೊಕ್ಕಾ ಇವತ್ತ ಹೋಗತದ, ನಾಳಿ ಬರತದ. ಹಿರಿ ಮಗ ಈ ಸಲ ಹತ್ತಿ ಹಾಕೂನು ಅಂದಿದ್ದ. ನಾನಽ ಕೇಳಲಿಲ್ಲ. ಈಗ ಅವನ ಮಾರಿ ಹೆಂಗ ನೋಡ್ಲಿ."

ಗಮನಿಸಿ, ಪಕ್ಕದವನ ಊಹೆ ತಪ್ಪಾಗಿತ್ತು. ಆದರೂ ಅದೇ ಆ ಬೆಂಚಿನ ಮೇಲಿನ ಅತ್ಯಂತ ಉಪಯುಕ್ತ ಮಾತು. ಅದು ತಪ್ಪಿದ್ದರಿಂದಲೇ ರೈತ ತನ್ನ ನೋವನ್ನು ತಾನೇ ಸರಿಪಡಿಸಿ ಹೇಳಬೇಕಾಯಿತು. ಮನೋವಿಜ್ಞಾನದಲ್ಲಿ ಇದಕ್ಕೆ ರಿಫ್ಲೆಕ್ಟಿವ್ ಲಿಸನಿಂಗ್ ಎನ್ನುತ್ತಾರೆ. ನಾನು ಮರುನುಡಿ ಎಂದು ಕರೆಯುತ್ತೇನೆ. ಹೇಳಿದ್ದರಲ್ಲಿ ನಮಗೆ ತಿಳಿದಷ್ಟನ್ನು ಹೇಳಿದವರ ಮುಂದೆಯೇ ಇಟ್ಟು, ಇದು ಹೌದೋ ಅಲ್ಲವೋ ಎಂದು ಅವರಿಂದಲೇ ತಿಳಿದುಕೊಳ್ಳುವುದು. ಕನ್ನಡದ 'ಕೇಳು' ಎಂಬ ಧಾತು ಇಲ್ಲಿ ನಮಗೆ ದೊಡ್ಡ ಆಸರೆ. ಅದಕ್ಕೆ ಕಿವಿಗೊಡು ಎಂಬರ್ಥವೂ ಇದೆ, ಪ್ರಶ್ನಿಸು ಎಂಬರ್ಥವೂ ಇದೆ. ರೈತ "ನಾನಽ ಕೇಳಲಿಲ್ಲ" ಎಂದಾಗ ಮೂರನೆಯ ಅರ್ಥವೂ ಬಂತು: ಇನ್ನೊಬ್ಬರ ಮಾತಿಗೆ ಬೆಲೆ ಕೊಡು. ಮೂರೂ ಒಂದೇ ಕ್ರಿಯೆಯಲ್ಲಿ ಕೂಡುವ ಅಪರೂಪದ ಜಾಗ ಮರುನುಡಿ.

ಇದನ್ನೊಂದು ವಿಧಾನವಾಗಿ ರೂಪಿಸಿದವರಲ್ಲಿ ಮುಖ್ಯ ಹೆಸರು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ (1902–1987). 1928ರಿಂದ ಹನ್ನೆರಡು ವರ್ಷ ಅವರು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ತೊಂದರೆಗೆ ಸಿಕ್ಕ ಮಕ್ಕಳೊಂದಿಗೆ ಕೆಲಸ ಮಾಡಿದರು. ಆ ದಿನಗಳ ಒಂದು ಪ್ರಸಂಗವನ್ನು ಅವರೇ ಬರೆದಿದ್ದಾರೆ. ಹತೋಟಿಗೆ ಬಾರದ ಹುಡುಗನೊಬ್ಬನ ತಾಯಿ ವಾರವಾರ ಬರುತ್ತಿದ್ದಳು. ಚಿಕ್ಕಂದಿನಲ್ಲಿ ಆಕೆ ಮಗನನ್ನು ಮನಸಾರೆ ಒಪ್ಪಿಕೊಳ್ಳದೇ ಇದ್ದದ್ದೇ ಸಮಸ್ಯೆಯ ಬೇರು ಎಂದು ರೋಜರ್ಸ್‌ಗೆ ಖಾತ್ರಿಯಾಗಿತ್ತು. ಅದನ್ನು ಆಕೆಗೆ ಮನಗಾಣಿಸಲು ಎಷ್ಟು ಹೆಣಗಿದರೂ ಆಗಲಿಲ್ಲ. ಕೊನೆಗೆ, ನಾವಿಬ್ಬರೂ ಪ್ರಯತ್ನಪಟ್ಟೆವು, ಇಲ್ಲಿಗೆ ಬಿಡೋಣ ಎಂದರು. ಆಕೆ ಒಪ್ಪಿ ಎದ್ದು ಬಾಗಿಲ ತನಕ ಹೋದವಳು ತಿರುಗಿ, ನೀವು ದೊಡ್ಡವರ ಅಹವಾಲನ್ನೂ ಕೇಳುತ್ತೀರಾ ಎಂದಳು. ಕೇಳುತ್ತೇವೆ ಎಂದದ್ದೇ ತಡ, ಕುರ್ಚಿಗೆ ಮರಳಿ ತನ್ನ ದಾಂಪತ್ಯದ ಸಂಕಟವನ್ನೆಲ್ಲ ಬಿಚ್ಚಿಟ್ಟಳು. ಅಲ್ಲಿಯವರೆಗೆ ಆಕೆ ಹೇಳಿದ್ದ ಒಣ ವಿವರಗಳಿಗೂ ಈ ಮಾತಿಗೂ ಹೋಲಿಕೆಯೇ ಇರಲಿಲ್ಲ. ಎಲ್ಲಿ ನೋವಿದೆ ಎಂಬುದು ನೋವಿರುವವರಿಗೆ ಗೊತ್ತಿರುತ್ತದೆ, ಅವರ ಹಿಂದೆ ನಡೆಯುವುದೇ ನನ್ನ ಕೆಲಸ ಎಂಬ ಅರಿವು ತಮಗೆ ಮೂಡಿದ್ದು ಆಗ ಎನ್ನುತ್ತಾರೆ ರೋಜರ್ಸ್. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ ಮೇಲೆ ಅವರು ಇಂಥ ಮಾತುಕತೆಗಳನ್ನು ಗ್ರಾಮಾಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಂಡರು. 1942ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯೊಂದಿಗಿನ ಇಡೀ ಸಮಾಲೋಚನೆಯ ಅಕ್ಷರರೂಪವಿತ್ತು. ಕೇಳುವಿಕೆ ಹೀಗೆ ಮೊದಲ ಸಲ ಮತ್ತೆಮತ್ತೆ ಪರೀಕ್ಷಿಸಬಲ್ಲ ವಸ್ತುವಾಯಿತು.

ಆಮೇಲೆ ನಡೆದದ್ದು ಬೇಸರದ ಕತೆ. ರೋಜರ್ಸ್ ಮಾಡುತ್ತಿದ್ದುದನ್ನು ಕಲಿಯಬಂದವರು ಅದರ ಹೊರಸಿಪ್ಪೆಯನ್ನಷ್ಟೇ ಕಲಿತರು. ಎದುರಿನವರ ಕೊನೆಯ ನಾಲ್ಕು ಪದಗಳನ್ನು ಗಿಳಿಯಂತೆ ತಿರುಗಿ ಒಪ್ಪಿಸಿದರಾಯಿತು ಎಂದುಕೊಂಡರು. ಈ ಸಿಪ್ಪೆ ಎಷ್ಟು ಸುಲಭವೆಂದರೆ ಯಂತ್ರಕ್ಕೂ ಅದನ್ನು ಕಲಿಸಬಹುದು. ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ವಿವರಿಸಿದ 'ಎಲೈಜಾ' ಎಂಬ ಕಂಪ್ಯೂಟರ್ ಪ್ರೋಗ್ರಾಂ ಹಾಗೇ ಮಾಡುತ್ತಿತ್ತು: ನೀವು ಟೈಪ್ ಮಾಡಿದ ವಾಕ್ಯದಲ್ಲಿ 'ನಾನು' ಇದ್ದಲ್ಲಿ 'ನೀವು' ಹಾಕಿ ವಾಪಸು ಕೊಡುವುದು. ಪ್ರೋಗ್ರಾಂ ತಯಾರಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ಮಾತಿಗೆ ಕೂತು, ಸ್ವಲ್ಪ ಹೊತ್ತಿನಲ್ಲೇ ನೀವು ಕೋಣೆಯಿಂದ ಹೊರಗೆ ಹೋಗಿ ಎಂದು ವೈಜೆನ್‌ಬಾಮ್‌ಗೆ ಹೇಳಿದರು. ಇದನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಯಾರಾದರೂ ಕೇಳಲಿ ಎಂಬ ಮನುಷ್ಯನ ಹಸಿವು ಅಷ್ಟು ದೊಡ್ಡದು. ಖಾಲಿ ತಟ್ಟೆ ಇಟ್ಟರೂ ಉಣ್ಣಲು ಕೂರುತ್ತೇವೆ. ಎಲೈಜಾಗೂ ಚಹಾದಂಗಡಿಯ ಬೆಂಚಿನ ಮೇಲಿದ್ದ ಪಕ್ಕದವನಿಗೂ ಇರುವ ವ್ಯತ್ಯಾಸ ಒಂದೇ. ಎಲೈಜಾ ಏನನ್ನೂ ಊಹಿಸಲಿಲ್ಲ. ಆದ್ದರಿಂದ ಅದು ತಪ್ಪಾಗುವ ಪ್ರಶ್ನೆಯೇ ಇರಲಿಲ್ಲ.

ಸಾಯುವ ಹಿಂದಿನ ವರ್ಷ, 1986ರಲ್ಲಿ, ರೋಜರ್ಸ್ ಒಂದು ಸಣ್ಣ ಲೇಖನದಲ್ಲಿ ಈ ಗೊಂದಲ ತಿಳಿಗೊಳಿಸಲು ಯತ್ನಿಸಿದರು. 'ಭಾವನೆಗಳನ್ನು ಪ್ರತಿಫಲಿಸುವುದು' ಎಂಬ ಮಾತೇ ತಮಗೆ ಹಿಡಿಸುವುದಿಲ್ಲ ಎಂದರು. ತಾವು ಮಾಡುವುದು ಕನ್ನಡಿ ಹಿಡಿಯುವ ಕೆಲಸವಲ್ಲ, ತಮ್ಮ ತಿಳಿವಳಿಕೆ ಸರಿಯೇ ಎಂದು ಪರೀಕ್ಷಿಸಿಕೊಳ್ಳುವ ಕೆಲಸ ಎಂಬುದು ಅವರ ವಿವರಣೆ. ನನ್ನ ಪ್ರಕಾರ ಇಡೀ ವಿಷಯದ ಕೀಲಿ ಇಲ್ಲಿದೆ. ಮರುನುಡಿ ಒಂದು ಊಹಾ ಸಿದ್ಧಾಂತ. ಪ್ರಯೋಗಶಾಲೆ ಎದುರಿಗೆ ಕೂತಿದೆ. "ಹಂಗಲ್ಲ" ಎಂಬ ಉತ್ತರ ಬಂದರೆ ಪ್ರಯೋಗ ಸೋತಿತು ಎಂದಲ್ಲ, ಈಗ ಸುರುವಾಯಿತು ಎಂದರ್ಥ.

ಇಷ್ಟು ಸರಳವಾದದ್ದು ಅಷ್ಟು ಕಷ್ಟವೇಕೆ? ಉತ್ತರ ಮಾತಿನ ವೇಗದಲ್ಲಿದೆ. ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹತ್ತು ಭಾಷೆಗಳ ಸಹಜ ಸಂಭಾಷಣೆಯನ್ನು ಅಳೆಯಿತು. ಆ ಹತ್ತರಲ್ಲಿ ಕನ್ನಡ ಇರಲಿಲ್ಲ. ಜಪಾನಿ, ಇಟಾಲಿಯನ್, ಲಾವೊ, ಮೆಕ್ಸಿಕೊದ ತ್ಸೆಲ್ತಾಲ್‌ನಂಥ ಒಂದಕ್ಕೊಂದು ಸಂಬಂಧವಿಲ್ಲದ ಭಾಷೆಗಳಿದ್ದವು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಸುರುವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ, ಅಂದರೆ ಸುಮಾರು 200 ಮಿಲಿಸೆಕೆಂಡ್. ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಒಂದೇ ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ, ಧ್ವನಿಗಳನ್ನು ಜೋಡಿಸಿ, ನಾಲಿಗೆಗೆ ತರಲು ಮಿದುಳಿಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಲೆಕ್ಕ ಹೊಂದಬೇಕಾದರೆ ಒಂದೇ ದಾರಿ: ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ನಮ್ಮ ಉತ್ತರ ಕಟ್ಟಲು ತೊಡಗಿರುತ್ತೇವೆ. ಇದು ದುರಹಂಕಾರವಲ್ಲ, ಅಸಡ್ಡೆಯೂ ಅಲ್ಲ, ಮಾತಿನ ಯಂತ್ರ ಇರುವುದೇ ಹಾಗೆ. ಆದರೆ ಅದರ ಬೆಲೆ ತೆರುವವರು ಮಾತಾಡುತ್ತಿರುವವರು. ಸಂಶೋಧಕರಾದ ಬೆಕ್ಮನ್ ಮತ್ತು ಫ್ರಾಂಕೆಲ್ 1984ರಲ್ಲಿ ವೈದ್ಯರ 74 ಭೇಟಿಗಳ ಧ್ವನಿಮುದ್ರಣ ಪರಿಶೀಲಿಸಿದಾಗ, ರೋಗಿ ತನ್ನ ತೊಂದರೆ ಹೇಳಲು ಸುರು ಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. ನಾಲ್ಕರಲ್ಲಿ ಒಬ್ಬ ರೋಗಿಗೂ ತನ್ನ ಮೊದಲ ಮಾತನ್ನು ಮುಗಿಸುವ ಅವಕಾಶ ಸಿಕ್ಕಿರಲಿಲ್ಲ.

ಮರುನುಡಿ ಮೊದಲು ಕೇಳುವುದು ಈ ಯಂತ್ರವನ್ನು ನಿಲ್ಲಿಸಲು. ಉತ್ತರ ಕಟ್ಟುವ ಕೆಲಸ ಬಿಟ್ಟರೆ ನಡುವೆ ಒಂದು ಮೌನ ಬೀಳುತ್ತದೆ, ಬೀಳಬೇಕು. ಹೊಸದಾಗಿ ಅಭ್ಯಾಸ ಮಾಡುವವರಿಗೆ ಆ ಮೌನ ಬಲು ಉದ್ದ ಅನಿಸುತ್ತದೆ. ಎದುರಿನವರಿಗೆ ಹಾಗನಿಸದು, ಅವರಿನ್ನೂ ತಮ್ಮ ಮಾತಿನಲ್ಲೇ ಇರುತ್ತಾರೆ.

ಸಮಾಧಾನದ ಸಂಗತಿ ಎಂದರೆ, ಇದಕ್ಕೆ ಬೇಕಾದ ಸಾಮಾನು ನಮ್ಮ ಮಾತಿನಲ್ಲಿ ಆಗಲೇ ಇದೆ. ಮಾರ್ಕ್ ಡಿಂಗೆಮಾನ್ಸೆ ಮತ್ತು ಸಂಗಡಿಗರು 2015ರಲ್ಲಿ ಹನ್ನೆರಡು ಭಾಷೆಗಳ ಮಾತುಕತೆಯನ್ನು ಹೋಲಿಸಿ, ತಿಳಿಯದ್ದನ್ನು ತಿಳಿಸಿಕೊಳ್ಳಲು ಜನ ಹೆಚ್ಚುಕಡಿಮೆ ಒಂದೂವರೆ ನಿಮಿಷಕ್ಕೊಮ್ಮೆ ಮಾತನ್ನು ತಡೆಯುತ್ತಾರೆ ಎಂದು ತೋರಿಸಿದರು. ತಡೆಯುವ ಬಗೆ ಮೂರು. ಏನೂ ಕೇಳಿಸದಿದ್ದರೆ "ಆಂ?" ಅರ್ಧ ತಿಳಿದಿದ್ದರೆ "ಯಾರು? ಯಾವಾಗ?" ಬಹಳಷ್ಟು ತಿಳಿದಿದ್ದರೆ "ಹಿರಿ ಮಗಾ ಅಂದ್ರ, ಪುಣೇದಾಗ ಇದ್ದಾಂವ?" ಸಾಧ್ಯವಿದ್ದಷ್ಟೂ ಈ ಮೂರನೆಯದನ್ನೇ ಎಲ್ಲರೂ ಆರಿಸುತ್ತಾರೆ, ಏಕೆಂದರೆ ಅಲ್ಲಿ ಶ್ರಮದ ಭಾರ ಕೇಳುವವನ ಮೇಲೆ, ಹೇಳುವವನು "ಹೌದು" ಅಂದರೆ ಸಾಕು. ಮರುನುಡಿ ಇದೇ ಮೂರನೆಯ ಬಗೆ. ಊರು, ಹೆಸರುಗಳ ಬದಲು ಮನಸ್ಸಿನ ಸಂಗತಿಗೆ ಬಳಸಿದ್ದು ಅಷ್ಟೇ.

ಈಗ ವಿಜಯಪುರದ ಮಾತಿನ ಒಳಗೇ ಇದನ್ನು ಇಟ್ಟು ನೋಡೋಣ. 'ಅಂತೀರಿ' ಎಂಬ ಪದ ಇಲ್ಲಿ ಅಪ್ಪಟ ಚಿನ್ನ. "ಬ್ಯಾಸರ ಆಗೇದ ಅಂತೀರಿ" ಎಂದರೆ ಇದು ನಿಮ್ಮ ಮಾತು, ನಾನು ಕೇಳಿಸಿಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ ಎಂದು ಮೂರನ್ನೂ ಹೇಳಿದಂತೆ. 'ಅಂತ ಕಾಣತದ' ಎಂಬುದು ಊಹೆಯನ್ನು ಊಹೆಯಾಗಿಯೇ ಇಡುತ್ತದೆ. ಇನ್ನು '-ಏನು' ಎಂಬ ಪ್ರಶ್ನೆಯ ಬಾಲ. "ಬ್ಯಾಸರ ಆಗೇದೇನು?" ಎಂದರೆ ಎದುರಿನವರು ಹೌದು-ಅಲ್ಲ ಎಂದು ಲೆಕ್ಕ ಒಪ್ಪಿಸಬೇಕು; ವಿಚಾರಣೆಯ ವಾಸನೆ ಬರುತ್ತದೆ. ಆ ಬಾಲ ಕತ್ತರಿಸಿ, ದನಿಯನ್ನು ಕೊನೆಗೆ ಇಳಿಸಿ "ಬ್ಯಾಸರ ಆಗೇದ..." ಎಂದು ಬಿಟ್ಟರೆ ಅದೇ ವಾಕ್ಯ ಕುರ್ಚಿ ಎಳೆದು ಕೊಟ್ಟಂತಾಗುತ್ತದೆ. ವಾಕ್ಯದ ಕೊನೆಯಲ್ಲಿ ದನಿ ಇಳಿಸಿ ಎಂಬುದು ಈ ವಿದ್ಯೆಯ ತರಬೇತುದಾರರೂ ಹೇಳುವ ಪಾಠ. ನಮ್ಮಲ್ಲಿ ಒಂದು ಪ್ರತ್ಯಯ ಕಳೆದರೆ ಆ ಪಾಠದ ಅರ್ಧ ಮುಗಿಯಿತು.

ಪಾಶ್ಚಾತ್ಯ ಪುಸ್ತಕಗಳ ಒಂದು ಸಲಹೆಯನ್ನು ಮಾತ್ರ ನಾನು ಹಾಗೇ ಒಪ್ಪಲಾರೆ. ಎದುರಿನವರ ಭಾವನೆಗೆ ನೇರವಾಗಿ ಹೆಸರು ಕೊಡಿ ಎನ್ನುತ್ತವೆ ಅವು. ಮಗನೊಬ್ಬ ತಂದೆಗೆ "ಅಪ್ಪಾ, ನಿನಗ ಸಿಟ್ಟ ಬಂದದ" ಎಂದರೆ ನಮ್ಮ ಕಡೆ ಅದು ಕೇಳುವಿಕೆ ಎನಿಸುವುದಿಲ್ಲ, ಎದುರಾಡಿದಂತೆ ಆಗುತ್ತದೆ. ನಮ್ಮ ಜನ ಭಾವನೆಯನ್ನು ಮೈಯ ಮೂಲಕ ಹೇಳುತ್ತಾರೆ: ಕರುಳು ಚುರ್ ಅಂತು, ಎದಿ ಒಡದಂಗ ಆತು, ಹೊಟ್ಟ್ಯಾಗ ಕಿಚ್ಚ ಬಿತ್ತು. ಹಿರಿಯರ ಮುಂದೆ ಅವರ ಆ ಪದವನ್ನೇ ಹಿಡಿದು, "ಎದಿ ಒಡದಂಗ ಆತು..." ಎಂದು ಮೆಲ್ಲಗೆ ತಿರುಗಿ ಹೇಳಿದರೆ ಸಾಕು. ಅದನ್ನು 'ದುಃಖ' ಎಂದು ಅನುವಾದಿಸುವ ಅಗತ್ಯವಿಲ್ಲ. ಅನುವಾದದಲ್ಲಿ ಅರ್ಧ ಸೋರಿಹೋಗುತ್ತದೆ. ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ 'ಆಪ್ತಸಲಹೆ' ಎಂಬ ಹೆಸರು ಬಳಕೆಯಲ್ಲಿದೆ. ಅದರಲ್ಲಿರುವ 'ಸಲಹೆ' ನನಗೆ ಸದಾ ಚುಚ್ಚುತ್ತದೆ. ಇನ್ನೊಂದು ಹೆಸರು 'ಆಪ್ತ ಸಮಾಲೋಚನೆ', ಕೂಡಿ ಆಲೋಚಿಸುವುದು, ಅದೇ ಸರಿಯಾದದ್ದು.

ಕೇಳುವವನಿಲ್ಲದೆ ಹೇಳುವವನಿಲ್ಲ ಎಂಬುದಕ್ಕೆ ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜಾನೆಟ್ ಬಾವೆಲಾಸ್ ಅವರ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗ ಸುಂದರ ಸಾಕ್ಷಿ. ಕೂದಲೆಳೆಯಲ್ಲಿ ಅಪಾಯದಿಂದ ಪಾರಾದ ತನ್ನ ಅನುಭವವನ್ನು ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೆಲವು ಕೇಳುಗರಿಗೆ ಗುಟ್ಟಾಗಿ ಇನ್ನೊಂದು ಕೆಲಸ ಕೊಟ್ಟಿದ್ದರು: 'ಟಿ' ಅಕ್ಷರದಿಂದ ಸುರುವಾಗುವ ಪದ ಬಂದಾಗಲೆಲ್ಲ ಒಂದು ಗುಂಡಿ ಒತ್ತುವುದು. ಈ ಕೇಳುಗರು ಒಂದೊಂದು ಪದಕ್ಕೂ ಕಿವಿಗೊಟ್ಟಿದ್ದರು, ಆದರೆ ಕತೆಯನ್ನು ಕೇಳುತ್ತಿರಲಿಲ್ಲ. ಪರಿಣಾಮ ಕಂಡದ್ದು ಹೇಳುವವರಲ್ಲಿ. ಕತೆಯ ತುದಿಗೆ ಬಂದಾಗ ಅವರು ತಡವರಿಸಿದರು, ಒಮ್ಮೆಲೇ ಮುಗಿಸಿಬಿಟ್ಟರು, ಅದು ನಿಜಕ್ಕೂ ಅಪಾಯವಾಗಿತ್ತು ಎಂದು ಸಮರ್ಥಿಸಿಕೊಳ್ಳತೊಡಗಿದರು. ಕತೆ ಅವರದೇ, ಬಾಯಿ ಅವರದೇ. ಆದರೂ ಎದುರಿನ ಮುಖದಲ್ಲಿ ಅದು ಮೂಡದೇ ಹೋದಾಗ ಕತೆಯೇ ಕೆಟ್ಟಿತು.

ಹಾಗಾದರೆ ನಮ್ಮವರೇ ಆದವರ ಮಾತು ನಮಗೆ ಚೆನ್ನಾಗಿ ತಿಳಿಯಬೇಕಲ್ಲವೆ? ಕೆನೆತ್ ಸವಿಟ್ಸ್ಕಿ, ಬೋಯಾಜ್ ಕೇಸರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ, ಎರಡರ್ಥ ಬರುವ ಮಾತುಗಳನ್ನು ದಂಪತಿಗಳು ಅಪರಿಚಿತರಿಗಿಂತ ಹೆಚ್ಚೇನೂ ಸರಿಯಾಗಿ ಗ್ರಹಿಸಲಿಲ್ಲ. ಆದರೆ ತಮ್ಮ ಸಂಗಾತಿಗೆ ತಿಳಿದೇ ತಿಳಿಯುತ್ತದೆ ಎಂಬ ನಂಬಿಕೆ ಮಾತ್ರ ದೊಡ್ಡದಿತ್ತು. ಅಪರಿಚಿತರ ಮಾತನ್ನು ನಾವು ಪರೀಕ್ಷಿಸಿ ನೋಡುತ್ತೇವೆ, ಮನೆಯವರದನ್ನು ಗೊತ್ತಿದೆ ಎಂದು ಬಿಟ್ಟುಬಿಡುತ್ತೇವೆ. ಸುಗ್ಗಿ ಮುಗಿಸಿ ಗೋವೆಗೋ ಪುಣೆಗೋ ದುಡಿಯಲು ಹೋದ ಮಗ ರಾತ್ರಿ ಫೋನಿನಲ್ಲಿ "ಅರಾಮ ಅದೀನಿ" ಎನ್ನುತ್ತಾನೆ, ತಾಯಿ "ಅರಾಮ ಅದಾನ" ಎಂದು ಒಳಗೆ ಹೋಗುತ್ತಾಳೆ. "ಅರಾಮ ಅದೀನಿ ಅಂತಿ, ದನಿ ಯಾಕೋ ಸಣ್ಣ ಆಗೇದ" ಎಂದು ಒಂದು ಸಾಲು ಸೇರಿಸಿದ್ದರೆ ಆ ಫೋನು ಇನ್ನೂ ಹತ್ತು ನಿಮಿಷ ನಡೆಯುತ್ತಿತ್ತೇನೋ.

ಜಗಳದಲ್ಲಿ ಇದು ಇನ್ನೂ ಕಠಿಣ. ರೋಜರ್ಸ್ 1952ರ ಲೇಖನವೊಂದರಲ್ಲಿ ಒಂದು ನಿಯಮ ಸೂಚಿಸಿದ್ದರು: ವಾದ ನಡೆಯುವಾಗ, ಎದುರಾಳಿ ಹೇಳಿದ್ದನ್ನು ಆತನೇ ಒಪ್ಪುವ ಹಾಗೆ ತಿರುಗಿ ಹೇಳಿದ ಮೇಲಷ್ಟೇ ನಿಮ್ಮ ಮಾತು ಆಡಬೇಕು. ಇದನ್ನು ಓದಿದಾಗ ನನಗೆ ನೆನಪಾದದ್ದು ಇಂಡಿ, ಸಿಂದಗಿ ಸೀಮೆಯ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುವ ಹರದೇಶಿ–ನಾಗೇಶಿ ಹಾಡಿಕೆ. ಒಂದು ಮೇಳ ಗಂಡು ಹೆಚ್ಚು ಎನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ, ಸವಾಲಿಗೆ ಜವಾಬು. ಎದುರಿನ ಮೇಳದ ಸವಾಲನ್ನು ಎತ್ತಿಕೊಂಡು ಜೋಡಿಸದ ಜವಾಬಿಗೆ ಅಲ್ಲಿ ಬೆಲೆಯಿಲ್ಲ. ಕೂತ ಜನಕ್ಕೆ ಸವಾಲು ನೆನಪಿರುತ್ತದೆ. ಗೆಲ್ಲಲಿಕ್ಕಾದರೂ ಮೊದಲು ಕೇಳಲೇಬೇಕು. ಅತ್ತೆ-ಸೊಸೆಯ, ಅಣ್ಣತಮ್ಮಂದಿರ ಜಗಳದಲ್ಲಿ ಆ ಕೂತ ಜನ ಇರುವುದಿಲ್ಲ. ಸವಾಲು ಒಂದು ಕಡೆ, ಜವಾಬು ಇನ್ನೊಂದು ಕಡೆ ಹೋಗುತ್ತವೆ.

ಕುಡಿತದ ವಿಷಯದಲ್ಲಿ ಇದರ ಪರೀಕ್ಷೆ ಚೆನ್ನಾಗಿ ನಡೆದಿದೆ. ಕುಡಿಯುವವನನ್ನು ನಿಲ್ಲಿಸಿ ಬೈಯುವುದು, ನಾಚಿಸುವುದು, ಆಣೆ ಮಾಡಿಸುವುದು ನಮಗೆಲ್ಲ ಗೊತ್ತಿರುವ ದಾರಿ. ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರ 1993ರ ಅಧ್ಯಯನದಲ್ಲಿ, ಸಮಾಲೋಚಕರು ಹೆಚ್ಚು ಎದುರುಬಿದ್ದು ವಾದಿಸಿದಷ್ಟೂ ಒಂದು ವರ್ಷದ ನಂತರ ಆ ವ್ಯಕ್ತಿ ಹೆಚ್ಚು ಕುಡಿಯುತ್ತಿದ್ದದ್ದು ಕಂಡಿತು. ಕಾರಣ ಊಹಿಸಲು ಕಷ್ಟವಿಲ್ಲ. ಪ್ರತಿ ವ್ಯಸನಿಯ ಮನಸ್ಸಿನಲ್ಲೂ ಬಿಡಬೇಕು, ಬಿಡಲಾರೆ ಎಂಬ ಎರಡು ದನಿಗಳಿರುತ್ತವೆ. ನಾವು 'ಬಿಡಬೇಕು' ದನಿಯನ್ನು ಕಸಿದುಕೊಂಡರೆ ಅವನಿಗೆ ಉಳಿಯುವುದು ಇನ್ನೊಂದೇ. "ಸಾಕಾಗೇದ, ಆದ್ರ ಸಂಜಿ ಆತಂದ್ರ ಕಾಲ ಅಲ್ಲಿಗೇ ಹೋಗತಾವ ಅಂತೀರಿ" ಎಂದು ಎರಡನ್ನೂ ಅವನ ಮುಂದಿಟ್ಟಾಗ ಆಯ್ಕೆ ಅವನ ಕೈಗೆ ಮರಳುತ್ತದೆ. ಇದನ್ನು ಮಾಡಲು ದೊಡ್ಡ ಪದವಿ ಬೇಕಿಲ್ಲ. ಪಕ್ಕದ ಗೋವಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಆರೋಗ್ಯ ಕೇಂದ್ರಗಳಲ್ಲಿ ಕೂತು ಈ ಬಗೆಯ ಮಾತುಕತೆ ನಡೆಸಿದರು. ಮೂರು ತಿಂಗಳ ನಂತರ ಹಿಂದಿನ ಹದಿನಾಲ್ಕು ದಿನ ಹನಿಯೂ ಮುಟ್ಟಿಲ್ಲ ಎಂದವರು ಆ ಗುಂಪಿನಲ್ಲಿ ನೂರಕ್ಕೆ 42, ಎಂದಿನ ಆರೈಕೆ ಮಾತ್ರ ಪಡೆದವರಲ್ಲಿ 18.

ಎಲ್ಲ ಕಡೆಗೂ ಇದು ಔಷಧಿಯಲ್ಲ. ಹೊಲದಲ್ಲಿ ಹಾವು ಕಡಿದವನ ಮುಂದೆ ಮರುನುಡಿಯುತ್ತ ಕೂರಬಾರದು, ಗಾಡಿ ಹುಡುಕಬೇಕು. ಗಂಡನ ಹೊಡೆತ ತಾಳಲಾರೆ ಎಂದು ಬಂದ ಹೆಣ್ಣಿಗೆ ಕಿವಿಯ ಜೊತೆ ಇರಲು ಒಂದು ಜಾಗ ಬೇಕು, 181 ಎಂಬ ಮಹಿಳಾ ಸಹಾಯವಾಣಿ ಇದೆ ಎಂದು ಹೇಳುವವರು ಬೇಕು. ಇನ್ನು ಬೆಳೆ ಹೋದವನು "ಇನ್ನ ಏನ್ ಉಳದದರಿ, ಎಲ್ಲಾ ಮುಗಿಸಿಬಿಡೂದ" ಎಂದಾಗ, ಮೇಲೆ ನಾನು ಕತ್ತರಿಸಿದ ಆ '-ಏನು' ಬಾಲವನ್ನು ತಂದು ಹಚ್ಚಲೇಬೇಕು: "ಜೀವಾ ಕಳಕೊಳ್ಳೂ ವಿಚಾರ ಬಂದದೇನು?" ಎಂದು ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂಬ ಭಯಕ್ಕೆ ಆಧಾರವಿಲ್ಲ. ಉತ್ತರ ಕೇಳಿ, ಅವರನ್ನು ಒಬ್ಬರನ್ನೇ ಬಿಡದೆ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಸುರುವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ ಅದು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಅಭ್ಯಾಸ ಎಲ್ಲಿಂದ ಸುರು ಮಾಡುವುದು ಎಂದು ಯಾರಾದರೂ ಕೇಳಿದರೆ ನಾನು ಮನೆಯ ಮುದುಕಿಯನ್ನೂ ಮೊಮ್ಮಗುವನ್ನೂ ತೋರಿಸುತ್ತೇನೆ. ಮಾಳಿಗಿ ಮೇಲೆ ಹಾಸಿಗೆ ಹಾಸಿ ಕತೆ ಹೇಳುವ ಅಜ್ಜಿ ಮೊದಲೇ ಕರಾರು ಹಾಕಿರುತ್ತಾಳೆ: ಹೂಂ ಅನ್ನಬೇಕು, ಹೂಂ ಅನ್ನದಿದ್ದರೆ ಕತೆ ನಿಲ್ಲುತ್ತದೆ. ಬಾವೆಲಾಸ್ ಅವರ ಗುಂಡಿ, ಪ್ರಯೋಗ ಯಾವುದೂ ಇಲ್ಲದೆ ಆಕೆಗೆ ಅದು ಗೊತ್ತು. ಮಗುವಿನ ಹೂಂ ಸಣ್ಣದಾಗುತ್ತ ಹೋಗಿ ಒಂದು ಹೊತ್ತಿಗೆ ನಿಲ್ಲುತ್ತದೆ. ಆಕೆಯೂ ನಿಲ್ಲಿಸಿ ಕೌದಿ ಹೊದಿಸುತ್ತಾಳೆ. ಮರುದಿನ ರಾತ್ರಿ ಮುಂದುವರಿಸುವ ಮುಂಚೆ ಕೇಳುತ್ತಾಳೆ, "ನಿನ್ನಿ ಎಲ್ಲಿಗಿ ಬಿಟ್ಟಿದ್ದಿವಿ, ಹೇಳ ನೋಡೂನು?"

"ರಾಜಕುಮಾರ ಬಾಂವ್ಯಾಗ ಇಳದಾ."

"ಇಳೀಲಿಲ್ಲೋ. ದಂಡಿ ಮ್ಯಾಲ ನಿಂತು ಬಗ್ಗಿ ನೋಡಿದಾ, ಅಷ್ಟಽ."

"ಹೂಂ. ಬಗ್ಗಿ ನೋಡಿದಾ."

"ಹಾಂ, ಬಗ್ಗಿ ನೋಡಿದಾ. ನೋಡತಾನ, ನೀರಾಗ ಏನೋ ಹೊಳೀಲಾಕತ್ತದ..."